ಮನೆಯವರೇ ಬಾಗಿಲು ಹಾಕಬೇಕು

ನನ್ನ ಇಡೀ ಸರ್ಕಾರಿ ನೌಕರಿಯಲ್ಲಿ ನಾಲ್ಕು ಜನರ ಮೇಲೆ ನನಗೆ ಅಧಿಕಾರ ಇದ್ದದ್ದು ಒಂದೇ ಒಂದು ದಿನ. ಆ ದಿನ ಹೆದರಿದಷ್ಟು ನಾನು ಜನ್ಮದಲ್ಲಿ ಹೆದರಿಲ್ಲ. ಹಾಗೆ ನೋಡಿದರೆ ಹೆದರುವುದು ನನಗೆ ಹೊಸದೇನಲ್ಲ, ಹುಟ್ಟಾ ಪುಕ್ಕಲಿ ನಾನು. ಗುಡುಗಿಗೆ ಹೆದರುತ್ತಿದ್ದೆ, ಹಲ್ಲಿಗೆ ಹೆದರುತ್ತಿದ್ದೆ, ಮೇಲಧಿಕಾರಿಗಳ ಬೂಟಿನ ಸದ್ದು ಕೇಳಿದರಂತೂ ಸೆರಗು ಹೊದ್ದು ಮೂಲೆ ಸೇರುತ್ತಿದ್ದೆ. ಮಧುಗಿರಿಯಲ್ಲಿ ಹುಟ್ಟಿ ಬೆಳೆದವಳಾದರೂ ಚಿಕ್ಕಂದಿನಲ್ಲಿ ನನ್ನನ್ನು ಬೆಟ್ಟದ ಕಡೆ ಮುಖ ಮಾಡಿ ಕೂರಿಸಿದರೆ, ಆ ಬಂಡೆ ಮೈಮೇಲೆ ಬೀಳುತ್ತದೆಂದು ಕಿರುಚುತ್ತಿದ್ದೆನಂತೆ. ಅಂಥವಳನ್ನು ತಂದು, ಪ್ಲೇಗು ತಡೆಯಲು ಊರೂರು ಸುತ್ತುವ ಸರ್ಕಾರಿ ಪಾರ್ಟಿಯಲ್ಲಿ ಹಾಕಿದ ದೇವರ ತಮಾಷೆಗೆ ಏನು ಹೇಳಲಿ!

ಯುದ್ಧ ನಡೆಯುತ್ತಿದ್ದ ಕಾಲ. ಸೀಮೆಎಣ್ಣೆಗೆ ಸಾಲು, ಸಕ್ಕರೆಗೆ ಚೀಟಿ. ಹಳ್ಳಿಗಳಲ್ಲಿ ಲೆವಿಯ ಕಾಟ. ರೈತ ಬೆಳೆದ ರಾಗಿಯಲ್ಲಿ ಇಂತಿಷ್ಟನ್ನು ಸರ್ಕಾರಕ್ಕೆ ಅಳೆಯಲೇಬೇಕು, ಬಚ್ಚಿಟ್ಟರೆ ಶಿಕ್ಷೆ. ನಾನು ಗಂಡನನ್ನು ಕಳೆದುಕೊಂಡು, ತೌರಿನಲ್ಲಿ ಮೂಲೆ ಹಿಡಿಯುವುದರ ಬದಲು ಬೆಂಗಳೂರಿನಲ್ಲಿ ಹೆರಿಗೆಯ ಕೆಲಸ ಕಲಿತು, ಪಾವಗಡದ ಆಸ್ಪತ್ರೆಗೆ ಬಂದಿದ್ದೆ. ಆ ವರ್ಷ ಸೀಮೆಯ ಉದ್ದಕ್ಕೂ ಇಲಿ ಬೀಳತೊಡಗಿದವು. ಅಟ್ಟದಿಂದ ಇಲಿ ಅಮಲೇರಿದಂತೆ ತೂರಾಡಿಕೊಂಡು ಬಂದು ನಡುಮನೆಯಲ್ಲಿ ಸತ್ತು ಬಿತ್ತೆಂದರೆ ಆ ಊರಿಗೆ ಪ್ಲೇಗು ಬಂತೆಂದೇ ಅರ್ಥ. ಹೆಂಗಸರಿಗೆ ಇನಾಕ್ಯುಲೇಷನ್ ಸೂಜಿ ಹಾಕಲು, ಅವರ ಕಂಕುಳು ತೊಡೆಸಂದುಗಳಲ್ಲಿ ಗೆಡ್ಡೆ ಇದೆಯೇ ಎಂದು ನೋಡಲು ಒಬ್ಬ ಹೆಂಗಸು ಬೇಕೆಂದು ನನ್ನನ್ನು ಪಾರ್ಟಿಗೆ ಸೇರಿಸಿದರು. ಆರ್ಡರು ಕೈಗೆ ಬಂದ ದಿನ ನನಗೆ ಊಟ ಸೇರಲಿಲ್ಲ.

ಹಿಂದಿನ ವರ್ಷ ಆ ಪಾರ್ಟಿಯ ಯಜಮಾನಿಕೆ ಬೇರೊಬ್ಬ ಹೆಲ್ತ್ ಇನ್‌ಸ್ಪೆಕ್ಟರರದು. ನಾನು ಅವರನ್ನು ಕಂಡವಳಲ್ಲ. ಆದರೆ ಅವರ ಮಾತೆತ್ತಿದರೆ ಕೊರಟಗೆರೆ ಕಡೆಯ ಹೆಂಗಸರು ಮಗುವನ್ನು ಮಡಿಲಿಗೆ ಎಳೆದುಕೊಳ್ಳುತ್ತಿದ್ದುದನ್ನು ಕಂಡಿದ್ದೇನೆ. ಅವರು ಪೊಲೀಸಿನವರನ್ನು ಮುಂದಿಟ್ಟುಕೊಂಡು ಊರು ಹೊಗುತ್ತಿದ್ದರಂತೆ. ಬಾಗಿಲಿಗೆ ಲಾಠಿಯಿಂದ ಬಡಿದು "ಆಚೆಗೆ!" ಅಂದರೆ ಮುಗಿಯಿತು. ಒಲೆಯ ಮೇಲೆ ಹಿಟ್ಟು ಬೇಯುತ್ತಿದ್ದರೂ ಸರಿ, ತೊಟ್ಟಿಲಲ್ಲಿ ಕೂಸು ಮಲಗಿದ್ದರೂ ಸರಿ, ಉಟ್ಟ ಬಟ್ಟೆಯಲ್ಲಿ ಹೊರಗೆ ಬರಬೇಕು. ಜವಾನ ಸರ್ಕಾರಿ ಬೀಗ ಜಡಿಯುತ್ತಿದ್ದ. ಕೆಲಸ ಹೂ ಎತ್ತಿದಷ್ಟು ಸಲೀಸಾಗಿ ಆಗುತ್ತಿತ್ತು, ಮೇಲಿನವರಿಂದ ಶಹಬ್ಬಾಸ್‌ಗಿರಿಯೂ ಸಿಗುತ್ತಿತ್ತು.

ನನ್ನ ಕಾಲಕ್ಕೆ ಬಂದ ಇನ್‌ಸ್ಪೆಕ್ಟರರು ಅವರಿಗೆ ತದ್ವಿರುದ್ಧ. ಕಡ್ಡಿಯಂಥ ಮೈ, ಬಾಯಲ್ಲಿ ಸದಾ ಒಂದು ಲವಂಗ, ದನಿ ಏರಿಸಿದ್ದನ್ನು ಯಾರೂ ಕೇಳಿಲ್ಲ. ಊರಿಗೆ ಹೋದರೆ ಮೊದಲು ಯಾರದಾದರೂ ಜಗಲಿಯ ಮೇಲೆ ಕೂತು ಮಜ್ಜಿಗೆ ಕೇಳುತ್ತಿದ್ದರು. ಪ್ಲೇಗು ಇರುವ ಊರಿನ ಮಜ್ಜಿಗೆ! ನಾನಂತೂ ಲೋಟವನ್ನು ತುಟಿಗೆ ತಾಗಿಸಿದಂತೆ ಮಾಡಿ ಗಿಡದ ಬುಡಕ್ಕೆ ಚೆಲ್ಲುತ್ತಿದ್ದೆ. ಅವರು ಕುಡಿದು, ಮೀಸೆ ಒರೆಸಿಕೊಂಡು, ಆಮೇಲೆ ಮಾತು ತೆಗೆಯುತ್ತಿದ್ದರು.

ಅವರು ಬಂದ ಮೇಲೆ ಒಂದು ಹೊಸ ಪದ್ಧತಿ ಆಯಿತು. ಮನೆ ಖಾಲಿ ಮಾಡಿಸಿದ ಮೇಲೆ ಬಾಗಿಲನ್ನು ನಾವು ಮುಟ್ಟುವಂತಿಲ್ಲ. ಆ ಮನೆಯ ಹಿರಿಯ ಹೆಂಗಸು ಒಳಗೆಲ್ಲ ಒಮ್ಮೆ ಓಡಾಡಿ ಬಂದು, ತನ್ನ ಕೈಯಾರೆ ಬಾಗಿಲು ಎಳೆದು ಸರಪಳಿ ಸಿಕ್ಕಿಸಬೇಕು. ಆಮೇಲೆಯೇ ಅದು ನಮ್ಮ ವಶ. ನಾವು ಮತ್ತೆ ತೆಗೆದು, ಇಲಿಬಿಲಗಳಿಗೆ ವಿಷದ ಪುಡಿ ಊದುವ ಪಂಪನ್ನು ಒಳಗೆ ಒಯ್ಯಬೇಕು. "ಇದೇನು ಮಕ್ಕಳಾಟ, ಹಾಕೋ ಬಾಗ್ಲು ತೆಗೆಯೋ ಬಾಗ್ಲು" ಎಂದು ಜವಾನ ಗೊಣಗುತ್ತಿದ್ದ. "ಮನೆ ಅವರದಪ್ಪ. ಅವರೇ ನಮಗೆ ಒಪ್ಪಿಸಲಿ. ನಾವು ಕಿತ್ತುಕೊಳ್ಳೋದು ಬೇಡ" ಎಂದು ಇನ್‌ಸ್ಪೆಕ್ಟರರು ಹೇಳುತ್ತಿದ್ದರು. ಹಗಲು ಹೊತ್ತಿನಲ್ಲಿ ತಲೆಬಾಗಿಲು ಹಾಕುವುದು ಅಪಶಕುನವಾದ್ದರಿಂದ ಹೆಂಗಸರು ಹೊಸ್ತಿಲಿಗೆ ಅರಿಸಿನ ಹಚ್ಚಿ, ಕಣ್ಣೀರು ಹಾಕಿ, ಬಾಗಿಲು ಎಳೆಯುವ ಹೊತ್ತಿಗೆ ಅರ್ಧ ಗಳಿಗೆ ಹಿಡಿಯುತ್ತಿತ್ತು. ಕೆಲಸ ಕುಂಟಿತು.

ಇನ್ನೊಂದು ಕಟ್ಟಪ್ಪಣೆ ಹಗೇವಿನದು. ನಮ್ಮ ಕಡೆ ರಾಗಿಯನ್ನು ನೆಲದೊಳಗೆ ತೋಡಿದ ಹಗೇವಿನಲ್ಲಿ ತುಂಬಿಡುತ್ತಾರೆ. ಬಾಯಿ ಒಬ್ಬರು ಇಳಿಯುವಷ್ಟು ಕಿರಿದು, ಒಳಗೆ ಮಡಕೆಯ ಹಾಗೆ ಅಗಲ, ಆಳೆತ್ತರಕ್ಕಿಂತ ಹೆಚ್ಚು ಆಳ. ಮೇಲೆ ಒಂದು ಕಲ್ಲು ಚಪ್ಪಡಿ. ಲೆವಿಯ ಕಾಲವಾದ್ದರಿಂದ ಎಲ್ಲರ ಮನೆಯ ಹಗೇವಿನಲ್ಲೂ ಲೆಕ್ಕಕ್ಕೆ ಕೊಡದ ರಾಗಿ ಇದ್ದೇ ಇರುತ್ತಿತ್ತು. "ಹಗೇವಿನ ಕಡೆ ಕಣ್ಣೆತ್ತಿ ನೋಡಬೇಡಿ. ನಾವು ಲೆವಿಯವರು ಅಂತ ಒಮ್ಮೆ ಅವರ ತಲೆಗೆ ಹೊಕ್ಕರೆ ಮುಂದಿನ ಊರಲ್ಲಿ ನಮಗೆ ಒಂದು ಬಾಗಿಲೂ ತೆರೆಯಲ್ಲ" ಎಂದು ಅವರು ನಮಗೆಲ್ಲ ತಾಕೀತು ಮಾಡಿದ್ದರು. ಜೊತೆಗೆ, ಜನರನ್ನು ಹೆದರಿಸಬಾರದು. ಪುಡಿಯ ವಿಷಯ ಕೇಳಿದರೆ, "ಇದು ಇಲಿಗೆ ಮಾತ್ರ ಕಣಮ್ಮ, ನಿಮಗೇನೂ ಆಗಲ್ಲ" ಎನ್ನಬೇಕು. ಹಿಂದಿನವರ ಕಾಲದಲ್ಲಿ ಬೇಕಾದಷ್ಟು ಹೆದರಿ ಆಗಿದೆ, ನಮ್ಮ ಕಾಲದಲ್ಲಾದರೂ ನೆಮ್ಮದಿಯಾಗಿರಲಿ ಎಂಬುದು ಅವರ ಆಸೆ.

ಆ ಪುಡಿಯನ್ನು ಕಂಡರೆ ನನಗೆ ಮಾತ್ರ ಪ್ರಾಣವೇ ಹೋಗುತ್ತಿತ್ತು. ಸಯನೈಡಿನ ಪುಡಿ, ಬೂದಿಯ ಬಣ್ಣ. ಗಟ್ಟಿ ಮುಚ್ಚಳದ ತಗಡಿನ ಡಬ್ಬದಲ್ಲಿ ಬರುತ್ತಿತ್ತು. ಕಾಲಲ್ಲಿ ತುಳಿಯುವ ಪಂಪಿಗೆ ಅದನ್ನು ತುಂಬಿ, ರಬ್ಬರು ಕೊಳವೆಯನ್ನು ಇಲಿಬಿಲಕ್ಕೆ ಇಟ್ಟು ಊದಿದರೆ, ನೆಲದೊಳಗಿನ ತೇವ ತಗುಲಿ ಅದು ಗಾಳಿಯಾಗಿ ಬಿಲದಿಂದ ಬಿಲಕ್ಕೆ ಹರಿಯುತ್ತಿತ್ತು. ಹೊಗೆ ಎಲ್ಲೆಲ್ಲಿ ಹೊರಬರುತ್ತದೋ ಅಲ್ಲಲ್ಲಿ ಹಸಿಮಣ್ಣು ಮೆತ್ತಿ, ಎಲ್ಲರೂ ಆಚೆ ಬಂದು, ಮಾರನೆಯ ದಿನದವರೆಗೆ ಮನೆ ಮುಚ್ಚಿಡಬೇಕು. ಪಂಪು ತುಳಿಯುತ್ತಿದ್ದವರು ಸಿರಾದ ಸಾಬರು. ನಾವೆಲ್ಲ ಮೇಸ್ತ್ರಿ ಎನ್ನುತ್ತಿದ್ದೆವು. ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡು, ಗಾಳಿ ಬೀಸುವ ದಿಕ್ಕು ನೋಡಿಕೊಂಡು ನಿಲ್ಲುತ್ತಿದ್ದರು. ಹಿಂದಿನ ಇನ್‌ಸ್ಪೆಕ್ಟರರ ಕೈಕೆಳಗೂ ಪಂಪು ಅವರದೇ.

ನಿಡುಗಲ್ ಬೆಟ್ಟದ ಕೆಳಗಿನ ಒಂದು ಹಳ್ಳಿ. ಜನ ಊರು ಬಿಟ್ಟು ಹುಣಸೆತೋಪಿನ ಆಚೆ ಈಚಲಗರಿಯ ಗುಡಿಸಲು ಹಾಕಿಕೊಂಡಿದ್ದರು. ಮನೆಗಳಲ್ಲಿ ಅರ್ಧಕ್ಕೆ ಪುಡಿ ಹೊಡೆದಾಗಿತ್ತು. ಅಷ್ಟರಲ್ಲಿ ಮಧುಗಿರಿಯಿಂದ ಇನ್‌ಸ್ಪೆಕ್ಟರರಿಗೆ ಬುಲಾವು ಬಂತು. ಕೆಲಸ ಯಾಕೆ ಆಮೆನಡಿಗೆಯಲ್ಲಿ ಸಾಗಿದೆ ಎಂದು ಮೇಲಿನವರ ವಿಚಾರಣೆ. ಬೆಳಿಗ್ಗೆ, ಪೆಟ್ರೋಲು ಸಿಗದ ಆ ಕಾಲದ ಇದ್ದಿಲು ಗ್ಯಾಸಿನ ಬಸ್ಸು ಹಿಡಿಯಲು ಹೊರಟವರು ನನ್ನನ್ನು ಕರೆದರು.

"ನರ್ಸಮ್ಮನವರೇ, ಇವತ್ತು ನೀವೇ ಮುಂದೆ ನಿಂತು ಕೆಲಸ ಮಾಡಿಸಿ. ಸಂಬಳದ ಪಟ್ಟಿಯಲ್ಲಿ ನನ್ನ ಕೆಳಗಿರೋದು ನೀವೇ."

"ಅಯ್ಯೋ, ನನ್ನ ಕೈಲಾಗಲ್ಲ ಸಾರ್."

"ಆಗುತ್ತೆ. ಪದ್ಧತಿ ಮಾತ್ರ ತಪ್ಪಿಸಬೇಡಿ" ಎಂದು ಲವಂಗ ಬಾಯಿಗೆಸೆದುಕೊಂಡು ಹೊರಟೇಬಿಟ್ಟರು.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನಗೆ ಬಂದ ಐಶ್ವರ್ಯಕ್ಕೆ ಹಾಡಹಗಲಲ್ಲಿ ಕೊಡೆ ಬಿಚ್ಚಲೂ ಧೈರ್ಯವಾಗಲಿಲ್ಲ. ಮೇಸ್ತ್ರಿ, ಎದೆಗೆ ಅಡ್ಡ ಡವಾಲಿ ಕಟ್ಟಿದ ಜವಾನ, ಮಣ್ಣು ಮೆತ್ತುವ ಇಬ್ಬರು ಆಳುಗಳು ನನ್ನ ಬಾಯಿ ನೋಡುತ್ತ ನಿಂತರು. ಒಂದು ಹುಕುಂ ಕೊಡಬೇಕಲ್ಲ! "ನಡೀರಿ" ಎಂದೆ. ಅದೂ ಅರ್ಧ ನುಂಗಿದ ದನಿಯಲ್ಲಿ.

"ಎಲ್ಲಿಗಮ್ಮಾ?" ಎಂದು ಜವಾನ ಕೇಳಿದಾಗ ಆಳುಗಳು ಕಿಸಕ್ಕನೆ ನಕ್ಕರು.

ಮೊದಲ ಮನೆಗಳು ಹೇಗೋ ಮುಗಿದವು. ಪ್ರತಿ ಮನೆಯಲ್ಲೂ ನನಗೆ ಅದೇ ಅನುಮಾನಗಳು. ಡಬ್ಬದ ಮುಚ್ಚಳ ಸರಿಯಾಗಿದೆಯೋ ಇಲ್ಲವೋ, ಗಾಳಿ ತಿರುಗಿತೋ ಏನೋ, ಆಳಿನ ಕೈಗೆ ಗಾಯ ಇದೆಯೋ? ಹಿಂದಿನ ದಿನದವರೆಗೆ ಇವೆಲ್ಲ ಇನ್‌ಸ್ಪೆಕ್ಟರರ ಚಿಂತೆ, ನನ್ನದು ಸೂಜಿಯ ಚಿಂತೆಯಷ್ಟೇ. ಅವತ್ತು ಬೀದಿಯಲ್ಲಿ ಒಂದು ಕೋಳಿ ಕೆಮ್ಮಿದರೂ ಅದು ನನ್ನ ತಲೆಗೇ ಬರುತ್ತದೆ ಅನ್ನಿಸುತ್ತಿತ್ತು. ಯಜಮಾನಿಕೆ ಅಂದರೆ ಇದೇ ಇರಬೇಕು, ಬೇರೆಯವರ ಪಾಲಿನ ಭಯವನ್ನೂ ನಾವೇ ಹೊರುವುದು. ಅಂಥದ್ದಕ್ಕೆ ಜನ ಯಾಕೆ ಆಸೆಪಡುತ್ತಾರೋ ನನಗೆ ಇಂದಿಗೂ ತಿಳಿದಿಲ್ಲ.

ಬೀದಿಯ ಕೊನೆಗೆ ಒಂದು ಕುರುಬರ ಮನೆ. ಯಜಮಾನ ಕುರಿಮಂದೆಯ ಹಿಂದೆ ದೂರ ಹೋಗಿದ್ದ. ಹೆಂಡತಿ ಒಬ್ಬಳೇ, ಗಟ್ಟಿ ಮೈಕಟ್ಟಿನ, ನೆಟ್ಟ ನೋಟದ ಹೆಂಗಸು. ಪಾತ್ರೆ, ಕಂಬಳಿಯ ಗಂಟು, ದೇವರ ಪೆಟ್ಟಿಗೆ ಎಲ್ಲವನ್ನೂ ಆಗಲೇ ಅಂಗಳಕ್ಕೆ ತಂದಿಟ್ಟಿದ್ದಳು. ಮದುವೆಗೆ ಗೊತ್ತಾದ ಮಗಳೊಬ್ಬಳು ಇದ್ದಾಳಲ್ಲ ಎಂದು ವಿಚಾರಿಸಿದರೆ, "ನಾಗಲಮಡಿಕೇಲಿ ನಮ್ಮಣ್ಣನ ಮನ್ಗೆ ಕಳ್ಸಿವ್ನಿ" ಎಂದಳು. ಇಲಿ ಬಿದ್ದ ಊರಿನಿಂದ ಮಕ್ಕಳನ್ನು ನೆಂಟರಲ್ಲಿಗೆ ಸಾಗಿಸುವುದು ವಾಡಿಕೆಯೇ.

"ಬಾಗ್ಲು ಹಾಕಮ್ಮ" ಎಂದೆ.

ಅವಳು ಒಳಗೆ ಹೋಗಿ ಬಂದಳು. ಹೊಸ್ತಿಲಿಗೆ ಅರಿಸಿನ ಹಚ್ಚಿದಳು. ಅಳಲಿಲ್ಲ. ಬಾಗಿಲು ಎಳೆದು ಸರಪಳಿ ಸಿಕ್ಕಿಸಿದಳು. ಆದರೆ ಸರಪಳಿ ಹಿಡಿದ ಕೈ ಬಿಡಲಿಲ್ಲ.

ನಾವು ಕಾದೆವು. ಬಿಸಿಲು ಇಳಿಮುಖವಾಗುತ್ತಿತ್ತು. ಬೆಟ್ಟದ ಕಡೆ ಮೋಡವೂ ಕಟ್ಟಿತ್ತು; ಮಳೆ ಬಂದರೆ ಪುಡಿ ಕೆಲಸಕ್ಕೆ ಬಾರದು. "ಬುಡಮ್ಮೋ, ಒತ್ತಾಯ್ತದೆ" ಎಂದು ಜವಾನ ಒಂದು ಹೆಜ್ಜೆ ಮುಂದಿಟ್ಟ. ಅವಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಸರಪಳಿ ಈಗ ಅವಳ ಬೆನ್ನ ಹಿಂದೆ, ಮುಷ್ಟಿಯೊಳಗೆ.

ಜವಾನ ನನ್ನ ಹತ್ತಿರ ಬಂದು ಪಿಸುಗುಟ್ಟಿದ. "ಹಗೇವು ತುಂಬ ರಾಗಿ ಐತೆ ಕಣಮ್ಮ, ಅದ್ಕೇ ಇಂಗಾಡ್ತಾವ್ಳೆ. ಸಾಯೇಬ್ರು ಹೇಳವ್ರಲ್ಲ, ನೋಡ್ಬ್ಯಾಡಿ ಅಂತ. ನೋಡೋದೇ ಬ್ಯಾಡ. ನಾನು ಸರಪಳಿ ಬಿಡಿಸ್ತೀನಿ, ಮೇಸ್ತ್ರಿ ನುಗ್ಲಿ, ಮುಗೀತು."

ಮೇಸ್ತ್ರಿಯೂ ತಲೆಯಾಡಿಸಿದರು. ರಾಗಿಯೇ ಇರಬೇಕೆಂದು ನನಗೂ ಅನ್ನಿಸಿತು. ಆ ಸೀಮೆಯಲ್ಲಿ ಸರ್ಕಾರದವರನ್ನು ಕಂಡು ಹೆಂಗಸು ಬಿಳಿಚಿಕೊಂಡರೆ ಕಾರಣ ರಾಗಿಯೇ. ಅವಳ ಮುಷ್ಟಿ ಬಿಡಿಸಿದರೆ ಪದ್ಧತಿ ತಪ್ಪುತ್ತದೆ. ಒಳಗೆ ಹೋಗಿ ಹಗೇವು ನೋಡಿದರೂ ಪದ್ಧತಿ ತಪ್ಪುತ್ತದೆ. ಸುಮ್ಮನೆ ನಿಂತರೆ ಮಳೆ ಬರುತ್ತದೆ, ಮಧುಗಿರಿಯಲ್ಲಿ ಈಗಾಗಲೇ ಬೈಸಿಕೊಳ್ಳುತ್ತಿರುವವರಿಗೆ ಇನ್ನಷ್ಟು ಬೈಗುಳ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ನನ್ನ ಕಾಲು ನಡುಗತೊಡಗಿತು. ಆ ಹೆಂಗಸು ನನ್ನ ಕಾಲನ್ನೇ ನೋಡುತ್ತಿದ್ದಳು.

ಮರೆಮಾಚಿ ಏನು ಪ್ರಯೋಜನ! ನಾನು ಜಗಲಿಯ ಅಂಚಿನಲ್ಲಿ ಕುಸಿದು ಕೂತೆ. ಇದು ಜಾಣತನವಲ್ಲ, ನಿಲ್ಲಲು ಆಗಲಿಲ್ಲ ಅಷ್ಟೆ. ಬಾಯಿಗೆ ಬಂದದ್ದನ್ನು ಹೇಳಿದೆ.

"ನಂಗೂ ಭಯ ಆಗ್ತಿದೆ ಕಣಮ್ಮ. ದಿನಾ ಆಗುತ್ತೆ. ಆ ಡಬ್ಬ ಕಂಡ್ರೆ ಕೈಕಾಲು ತಣ್ಣಗಾಗುತ್ತೆ. ಅದನ್ನ ಊದಿದ ಮೇಲೆ ಆ ಮನೇಲಿ ಒಂದು ಹಲ್ಲಿ ಕೂಡ ಉಳಿಯಲ್ಲ."

"ಇಲಿಗ್ ಮಾತ್ರ ಅಂದಿದ್ರಲ್ಲಮ್ಮ ಸಾಯೇಬ್ರು?" ಎಂದಳು. ಅವಳ ದನಿ ಅಲ್ಲಿಯವರೆಗೆ ಇದ್ದಂತಿರಲಿಲ್ಲ.

"ಇಲಿಗೆ ಅಂತ ಹೊಡೆಯೋದು. ಗಾಳಿಗೆ ಇಲಿ ಯಾವುದು ಮನುಷ್ಯ ಯಾವುದು ಗೊತ್ತಾಗುತ್ತಾ?"

"ಕೆಳಕ್ಕೆ... ನೆಲದೊಳಕ್ಕೆ ಓಗಲ್ಲ ಅಲ್ವಾ?"

"ಮೊದಲು ಹೋಗೋದೇ ಅಲ್ಲಿಗೆ."

ಸರಪಳಿ ಝಣಕ್ಕೆಂದು ಬಾಗಿಲಿಗೆ ಬಡಿಯಿತು. ಅವಳು ಎರಡೂ ಕೈಯಿಂದ ಬಾಗಿಲು ನೂಕುತ್ತಿದ್ದಳು. ಆ ಗಡಿಯ ಜನಕ್ಕೆ ಪ್ರಾಣಕ್ಕೆ ಬಂದಾಗ ಬಾಯಿಗೆ ಬರುವುದು ತೆಲುಗು. "ಲೋಪಲ ನಾ ಬಿಡ್ಡ ಉಂದಮ್ಮಾ! ನಾ ಬಿಡ್ಡ!" ಎಂದು ಕೂಗುತ್ತ ಒಳಗೆ ಓಡಿದಳು. ಒಳಗೆ ನನ್ನ ಕೂಸು ಇದೆ ಎಂದು ಹೇಳುತ್ತಿದ್ದಳು.

ಹಿಂಬದಿಯ ಕತ್ತಲೆ ಕೋಣೆಯಲ್ಲಿ ಹಗೇವಿತ್ತು. ಚಪ್ಪಡಿಯ ಒಂದು ಅಂಚಿಗೆ ಹೆಂಚಿನ ಚೂರು ಸಿಕ್ಕಿಸಿ, ಗಾಳಿಯಾಡಲು ಸಂದು ಬಿಟ್ಟಿದ್ದಳು. ರಾಗಿ ಇಟ್ಟವರು ಹಾಗೆ ಸಂದು ಬಿಡುವುದಿಲ್ಲ. ಕಲ್ಲು ಸರಿಸಿ ಅವಳು ಮಗಳನ್ನು ಕೂಗಿದಳು. ಉತ್ತರವಿಲ್ಲ. ಮತ್ತೆ ಕೂಗಿದಳು. ಮೇಸ್ತ್ರಿ ಲಾಟೀನು ಹಚ್ಚಿ ಹಗ್ಗ ಕಟ್ಟಿ ಕೆಳಗೆ ಬಿಟ್ಟರು. ಹಗೇವಿನ ಗಾಳಿ ಕೆಟ್ಟಿದ್ದರೆ ದೀಪ ಆರುತ್ತದೆ. ಆರಲಿಲ್ಲ. ಆ ಬೆಳಕಿನಲ್ಲಿ ಮೂಲೆಗೆ ಒತ್ತಿಕೊಂಡ ಕಂಬಳಿಯ ಒಂದು ಮುದ್ದೆ ಕಂಡಿತು. ಅದು ಅಲುಗಲಿಲ್ಲ.

ಮೇಸ್ತ್ರಿಯ ಭುಜ ಆ ಬಾಯಲ್ಲಿ ಹಿಡಿಯುವಂತಿರಲಿಲ್ಲ. ತಾಯಿಯೂ ದಪ್ಪ ಮೈಯವಳು. ಜವಾನ ಎರಡು ಹೆಜ್ಜೆ ಹಿಂದೆ ಸರಿದ. ಮಣ್ಣಿನ ಆಳುಗಳು ಕೋಣೆಯೊಳಕ್ಕೇ ಬಂದಿರಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು. ಬೆಳಿಗ್ಗೆ ಹುಕುಂಗಾಗಿ ನೋಡಿದ್ದ ಅದೇ ನೋಟ.

ಇಳಿದೆ. ಹೇಗೆ ಇಳಿದೆ ಎಂದು ಕೇಳಿದರೆ ಹೇಳಲಾರೆ. ಗೋಡೆಗೆ ಒರಗಿಸಿದ್ದ ಬಿದಿರೇಣಿಯನ್ನು ಒಳಕ್ಕೆ ಇಳಿಬಿಟ್ಟರು. ನನ್ನ ನಡುಕಕ್ಕೆ ಏಣಿಯೇ ಕಟಕಟ ಎನ್ನುತ್ತಿತ್ತು. ಒಳಗೆ ಹಳೆಯ ರಾಗಿಯ ಮುಗ್ಗು ವಾಸನೆ, ಜ್ವರದ ವಾಸನೆ. ಶಿವಶಿವಾ ಎನ್ನುತ್ತ ಕಂಬಳಿ ಸರಿಸಿದೆ. ಹುಡುಗಿಯ ಕಣ್ಣು ತೆರೆದಿತ್ತು. ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡು ಕಚ್ಚಿ ಹಿಡಿದಿದ್ದಳು, ನರಳಿದ್ದು ಮೇಲಕ್ಕೆ ಕೇಳಬಾರದೆಂದು. ಮೈ ಕಾದ ಹೆಂಚು. ತೊಡೆಸಂದಿನಲ್ಲಿ ನಿಂಬೆಹಣ್ಣಿನಷ್ಟು ಗೆಡ್ಡೆ.

ನಾನು ಬಾಯಿಂದ ಸೆರಗು ತೆಗೆದೆ. "ಅವ್ರು ಓದ್ರಾ?" ಎಂದು ಕೇಳಿದಳು.

"ಯಾರು?"

"ಬೀಗ ಆಕೋರು."

"ಹೋದ್ರು" ಎಂದೆ. ಇನ್ನೇನು ಹೇಳಲಿ!

ಕಂಬಳಿಯಲ್ಲಿ ಸುತ್ತಿ ಹಗ್ಗ ಬಿಗಿದು ಅವಳನ್ನು ಮೇಲಕ್ಕೆ ಎಳೆದುಕೊಂಡರು. ಕೊನೆಗೆ ನಾನು ಒಬ್ಬಳೇ ಉಳಿದೆ. ಆ ಗಳಿಗೆ ನನಗೆ ಕನಸಿನಲ್ಲಿ ಇಂದಿಗೂ ಬರುತ್ತದೆ. ಗೋಡೆಯ ಬುಡದಲ್ಲಿ ಇಲಿಬಿಲಗಳಿದ್ದವು, ಒಂದರ ಪಕ್ಕ ಒಂದು. ಮೇಲೆ ಮನೆಯೊಳಗೆ ಮೇಸ್ತ್ರಿ ಕೊಳವೆ ಇಟ್ಟು ಊದಲಿದ್ದ ಬಿಲಗಳ ಇನ್ನೊಂದು ತುದಿ ಅವು. ಅವುಗಳ ಬಾಯಿ ಇದ್ದದ್ದು ಹುಡುಗಿ ತಲೆ ಇಟ್ಟಿದ್ದ ಜಾಗದ ಹತ್ತಿರ. ಏಣಿ ಹತ್ತುವಾಗ ಎರಡು ಸಲ ಕಾಲು ಜಾರಿತು.

ತೋಪಿನ ಆಚೆ ಅವರಿಗೆ ಬೇರೆ ಗುಡಿಸಲು ಹಾಕಿಸಿ, ತಾಯಿಯನ್ನೂ ಜೊತೆಗೇ ಇರಿಸಿದೆ. ಪ್ಲೇಗು ತಗುಲಿದವರನ್ನು ಮನೆಯವರಿಂದ ಬೇರೆ ಮಾಡಿ ಇಡುವ ಸರ್ಕಾರಿ ಕ್ಯಾಂಪಿಗೆ ಹುಡುಗಿಯನ್ನು ಒಯ್ಯುವುದಿಲ್ಲ ಎಂದು ಮಾತು ಕೊಟ್ಟೆ. ಕೊಡುವ ಅಧಿಕಾರ ನನಗಿತ್ತೋ ಇಲ್ಲವೋ, ಅವತ್ತಿನ ಮಟ್ಟಿಗೆ ನಾನೇ ಸರ್ಕಾರ. ಆ ತಾಯಿ ನನ್ನ ಕಾಲಿಗೆ ಬೀಳಲು ಬಂದಳು. ನನಗೆ ಸಿಟ್ಟು ಬಂತು. "ಯಾಕಮ್ಮ ಹೇಳಲಿಲ್ಲ? ನಾವು ಅಷ್ಟು ಹೊತ್ತು ನಿಂತಿದ್ವಲ್ಲ?" ಎಂದು ಕೂಗಾಡಿದೆ.

"ಓದ್ ವರ್ಸ ನಮ್ ನಾದ್ನಿ ಮಗೀನ ಕ್ಯಾಂಪಿಗೆ ಎತ್ಕೊಂಡೋದ್ರು ಕಣಮ್ಮ. ಎಣಾನೂ ಕೊಡ್ಲಿಲ್ಲ. ಏಳಿದ್ರೆ ನೀವೂ ಎತ್ಕೊಂಡೋಗ್ತೀರಿ ಅಂತ. ಒಗೆ ಇಲಿಗೆ ಮಾತ್ರ ಅಂದ್ರಲ್ಲ, ಅದ್ಕೆ ಒಂದಿನ ಒಳ್ಗೇ ಇರ್ಲಿ ಅಂದ್ಕೊಂಡೆ. ಆದ್ರೂ ಬಾಗ್ಲು ಆಕಿದ್ ಕೈ ಸರಪಳಿ ಬಿಟ್ ಬರ್ಲೇ ಇಲ್ಲ" ಎಂದಳು.

ಮರುದಿನ ಇನ್‌ಸ್ಪೆಕ್ಟರರು ಮಧುಗಿರಿಯಿಂದ ಸುಣ್ಣದಂಥ ಮುಖ ಹೊತ್ತು ಬಂದರು. ನಡೆದದ್ದನ್ನು ನಾನು ತೊದಲುತ್ತ ಹೇಳಿದೆ. ಹಗೇವು ನೋಡಬಾರದೆಂದಿದ್ದರೂ ನೋಡಿದೆ, ಹೆದರಿಸಬಾರದೆಂದಿದ್ದರೂ ಹೆದರಿಸಿದೆ. ಬೈಗುಳಕ್ಕೆ ತಲೆ ತಗ್ಗಿಸಿ ಕಾದೆ. ಅವರು ಬಾಯಲ್ಲಿದ್ದ ಲವಂಗವನ್ನು ಉಗುಳಿ, ಜಗಲಿಯ ಮೇಲೆ ಕೂತರು. "ನಾನು ಒಳ್ಳೆಯವನು ಅನ್ನಿಸಿಕೊಳ್ಳೋಕೆ ಹೋಗಿ ಆ ಮಗುವನ್ನ ಕೊಲ್ಲುತ್ತಿದ್ದೆ" ಎಂದರು. ಆಮೇಲೆ ಅವರ ಪದ್ಧತಿ ಬದಲಾಯಿತು. ಬಾಗಿಲು ಮನೆಯವರೇ ಹಾಕುವುದು ಹಾಗೇ ಉಳಿಯಿತು. ಆದರೆ ಪ್ರತಿ ಊರಿನಲ್ಲೂ ಮಜ್ಜಿಗೆ ಕುಡಿದಾದ ಮೇಲೆ ಡಬ್ಬವನ್ನು ಎಲ್ಲರಿಗೂ ತೋರಿಸಿ, "ಇದು ಇಲಿ, ಹಸು, ಮನುಷ್ಯ ಯಾರನ್ನೂ ಬಿಡಲ್ಲ" ಎಂದು ಬಿಡಿಸಿ ಹೇಳುತ್ತಿದ್ದರು. ಹಿಂದಿನವರು ಜನ ತಮಗೆ ಹೆದರುವಂತೆ ಮಾಡಿದ್ದರು. ಹೆದರಬೇಕಾದ್ದು ಡಬ್ಬಕ್ಕೆ ಎಂದು ಹೇಳುವವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

ಆ ಹುಡುಗಿಯ ಗೆಡ್ಡೆ ಒಡೆಯಿತು, ಜ್ವರ ಇಳಿಯಿತು, ಉಳಿದಳು. ಅದನ್ನು ಸಂತೋಷದಿಂದ ಹೇಳಿ ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ನನ್ನ ಭಯ ಅಲ್ಲಿಗೆ ನಿಲ್ಲಲಿಲ್ಲ.

ಹುಡುಗಿಯನ್ನು ಮೇಲೆತ್ತಿದ ಆ ಸಂಜೆ ನಾವು ಕೆಲಸ ನಿಲ್ಲಿಸಿ ಗಾಡಿಯ ಹತ್ತಿರ ಬಂದಾಗ ಮೇಸ್ತ್ರಿ ಅಲ್ಲಿರಲಿಲ್ಲ. ಹುಡುಕಿದರೆ ಹುಣಸೆಮರದ ಹಿಂದೆ ಕೂತಿದ್ದರು. ಮುಖಕ್ಕೆ ಕಟ್ಟಿದ ಬಟ್ಟೆಯನ್ನು ಕುತ್ತಿಗೆಗೆ ಜಾರಿಸಿಕೊಂಡಿದ್ದರು. ಎದುರಿಗೆ ವಾಂತಿ ಮಾಡಿಕೊಂಡಿದ್ದರು. ಪುಡಿ ತಗುಲಿತೇನು ಎಂದು ಓಡಿಹೋಗಿ ಕೇಳಿದೆ.

"ಪುಡಿ ಅಲ್ಲಮ್ಮ" ಎಂದರು. "ಹೋದ್ ವರ್ಷ ಕೊರಟಗೆರೆ ಆಚೆ ಒಂದು ಮನೆ. ಬಾಗ್ಲು ನಾವೇ ಹಾಕಿದ್ವಿ, ಬೀಗ ನಾವೇ ಹಾಕಿದ್ವಿ. ಯಜಮಾನ ಬೀದೀಲಿ ಸಾಹೇಬ್ರ ಕಾಲು ಹಿಡ್ಕೊಂಡ. ಬಾಯಿಂದ ಮಾತೇ ಬರ್ಲಿಲ್ಲ ಅವನಿಗೆ. ಪೊಲೀಸ್ನೋರು ಎಳೆದು ಹಾಕಿದ್ರು. ಮಾರ್ನೇ ದಿನ ಬೀಗ ತೆಗೆದ್ರೆ ನಮ್ಮನ್ನೆಲ್ಲ ನೂಕಿ ಒಳಗೆ ಓಡಿದ. ದೇವರ ಹತ್ರ ಹೋಗ್ಲಿಲ್ಲ, ಒಲೆ ಹತ್ರ ಹೋಗ್ಲಿಲ್ಲ. ಸೀದಾ ಹಗೇವಿಗೆ. ಕಲ್ಲು ತೆಗೆದು ಬಗ್ಗಿ ನೋಡಿ ಅಲ್ಲೇ ಕೂತ್ಬಿಟ್ಟ. ರಾಗಿಗೆ ವಿಷ ಆಯ್ತು ಅಂತ ಅಳ್ತಾನೆ ಅಂದ್ಕೊಂಡ್ವಿ ನಾವು. ಸಾಹೇಬ್ರು ನಕ್ರು. ಅವ್ರು ನಕ್ಕಾಗ ನಾವೂ ನಗ್ಬೇಕಲ್ಲಮ್ಮ? ನಾನೂ ನಕ್ಕೆ."

ನಾನು ನೀರಿನ ಚೊಂಬನ್ನು ಅವರ ಮುಂದಿಟ್ಟೆ.

"ಸಂಜೆಗೆ ಅವ್ರ ಮನೇಲಿ ಒಂದು ಮೌತ್ ಆಯ್ತು, ಸಾವಾಯ್ತು ಅಂದ್ರು. ಕಂಬಳೀಲಿ ಸುತ್ತಿ ತಗೊಂಡ್ ಹೋದ್ರು. ಗುಡಿಸ್ಲಲ್ಲಿ ಪ್ಲೇಗಲ್ಲಿ ಹೋಯ್ತು ಅಂತ ಅವ್ನೇ ಬರೆಸ್ದ. ಹೆದ್ರಿಕೆ ಅವ್ನಿಗೆ, ಬೇರೆ ಹೇಳೋಕೆ. ಚಿಕ್ಕ ಗಂಟಮ್ಮ ಅದು. ಇವತ್ತು ಆ ಹುಡುಗೀನ ಎಳೆದಾಗ ಕಂಬಳಿ ನೋಡಿ ನೆನಪಾಯ್ತು." ಅವರು ತಮ್ಮ ಬಲಗಾಲನ್ನು ನೋಡಿಕೊಂಡರು. ಪಂಪು ತುಳಿಯುವ ಕಾಲು ಅದು. "ಯಾ ಅಲ್ಲಾ, ಎಷ್ಟು ಮನೆ ತುಳಿದಿದೀನಿ ಇದ್ರಲ್ಲಿ."

ಅವರು ಕೆಲಸ ಬಿಡುತ್ತಾರೆ ಅಂದುಕೊಂಡೆ. ಬಿಡಲಿಲ್ಲ. ಬೇರೆಯವರ ಕೈಗೆ ಪಂಪು ಕೊಡಲು ಭಯವಾಗುತ್ತದೆ ಎಂದರು. ಆದರೆ ಅಲ್ಲಿಂದಾಚೆಗೆ ಯಾವ ಮನೆಯಲ್ಲೂ, ಮನೆಯವರು ಬಾಗಿಲು ಹಾಕಿ ಒಪ್ಪಿಸಿದ ಮೇಲೂ, ಅವರು ಮೊದಲು ಬರಿಗೈಯಲ್ಲಿ ಒಬ್ಬರೇ ಒಳಗೆ ಹೋಗುತ್ತಿದ್ದರು. ಅಟ್ಟದ ಕೆಳಗೆ, ಕಣಜದ ಪಕ್ಕ, ಹಗೇವಿನ ಬಾಯಿಗೆ ಬಗ್ಗಿ ಕೂಗುತ್ತಿದ್ದರು. ಹೊರಗೆ ನಿಂತ ನನಗೆ ಅದು ಗೋಡೆಗಳಿಂದ ಬಂದಂತೆ ಕೇಳುತ್ತಿತ್ತು.

"ಒಳಗೆ ಯಾರಾದ್ರೂ ಇದ್ದೀರಾ? ಇದ್ರೆ ಹೇಳ್ಬಿಡಿ, ನಾವು ಏನೂ ಮಾಡಲ್ಲ. ಯಾರಾದ್ರೂ ಇದ್ದೀರೇನಪ್ಪಾ?"

ಖಾಲಿ ಮನೆಯಿಂದ ಉತ್ತರ ಬರುತ್ತಿರಲಿಲ್ಲ. ಆದರೂ ಅವರು ಕಿವಿಗೊಟ್ಟು ನಿಲ್ಲುತ್ತಿದ್ದರು, ಆಮೇಲೆ ಇನ್ನೊಮ್ಮೆ ಕೂಗುತ್ತಿದ್ದರು. ಜವಾನನೂ ನಗುತ್ತಿರಲಿಲ್ಲ.